ಮೊದಲು ಸೌಟು

ನಮ್ಮ ಊರಿನಲ್ಲಿ ಮಗು ದಪ್ಪಗಾದರೆ ಮೊದಲು ಕೇಳುವುದು ಅದರ ತಾಯಿಯ ಸೌಟನ್ನು. ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಎಲ್ಲಿ ಆಡುತ್ತದೆ, ಯಾರ ಅಂಗಡಿಯಲ್ಲಿ ಏನು ಕುಡಿಯುತ್ತದೆ ಎಂಬುದೆಲ್ಲ ಆಮೇಲಿನ ಮಾತು, ಅಂದರೆ ಎಂದೂ ಬಾರದ ಮಾತು. ಸೌಟು ತರಲು ಹೇಳಿ ಕಳಿಸುತ್ತಾರೆ. ತಾಯಿ ಅದನ್ನು ತೊಳೆದು, ಒರೆಸಿ, ಸೆರಗಿನ ಮರೆಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಬೆಲ್ಲದ ಮಂಡಿಗೆ ನಡೆಯುತ್ತಾಳೆ. ತಂದೆಗೆ ಅಂದು ಸಾಮಾನ್ಯವಾಗಿ ಪರಊರಿನಲ್ಲಿ ಕೆಲಸವಿರುತ್ತದೆ.

ಮಂಡಿಯ ಅಂಗಳದಲ್ಲಿ ಎರಡು ಕಲ್ಲುಕಂಬಗಳ ನಡುವೆ ಹಳೆಯ ದೊಡ್ಡ ತಕ್ಕಡಿ ತೂಗುತ್ತದೆ. ಹಿಂದೆ ಅದರಲ್ಲಿ ಬೆಲ್ಲದ ಮೂಟೆಗಳನ್ನು ತೂಗುತ್ತಿದ್ದರು. ಕರೆಂಟಿನ ತಕ್ಕಡಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಂತಾಗಿ, ಕೆಲಸವಿಲ್ಲದ ಎಲ್ಲರಂತೆ ಅದೂ ಊರ ಮಕ್ಕಳ ವಿಚಾರಕ್ಕೆ ಬಂತು. ಒಂದು ತಟ್ಟೆಯಲ್ಲಿ ಮಗುವನ್ನು ಕೂರಿಸುತ್ತಾರೆ. ಇನ್ನೊಂದರಲ್ಲಿ ಒಂದೊಂದೇ ವಸ್ತು ಇಡುತ್ತಾರೆ. ಮಗುವಿನ ಮೈ ಹೆಚ್ಚಾಗುವುದರಲ್ಲಿ ಯಾವ ವಸ್ತುವಿನ ಕೈವಾಡವಿದೆಯೋ ಅದಕ್ಕೆ ಮಾತ್ರ ಆ ತಕ್ಕಡಿಯಲ್ಲಿ ಭಾರ. ಕೈವಾಡವಿಲ್ಲದ ಒನಕೆಯನ್ನು ಇಟ್ಟರೂ ತಟ್ಟೆ ಅಲುಗುವುದಿಲ್ಲ. ಕೈವಾಡವಿದ್ದರೆ ಅಂಗಿಯ ಗುಂಡಿಗೂ ಅದು ಇಳಿಯುತ್ತದೆ. ಮುಳ್ಳು ನಡುವಿಗೆ ಬಂದು ನಿಂತರೆ ಮಗು ಸಮತೂಕ. ತಟ್ಟೆಯನ್ನು ಇಳಿಸಿದ ವಸ್ತುಗಳೆಲ್ಲ ಮಂಡಿಯ ಗೋದಾಮಿಗೆ ಸೇರುತ್ತವೆ, ಮನೆಗೆ ಮರಳುವುದಿಲ್ಲ. ‘ಮುಳ್ಳು ಒಪ್ಪಿದ್ದು ಮಂಡಿಗೆ’ ಎನ್ನುವುದು ನಮ್ಮಲ್ಲಿ ಕೈಕೂಸಿಗೂ ಗೊತ್ತಿರುವ ಮಾತು.

ಹೀಗೆ ಸೇರಿದ ಸೌಟುಗಳೇ ಗೋದಾಮಿನಲ್ಲಿ ಒಂದು ಗೋಡೆ ತುಂಬ ನೇತಾಡುತ್ತಿವೆ. ಮಂಡಿ ಸಂಘದ ವಾರ್ಷಿಕೋತ್ಸವದ ಊಟಕ್ಕೆ ಬಡಿಸಲು ಅವನ್ನೇ ಬಳಸುತ್ತಾರೆ. ಪಾಯಸ ಬಹಳ ಚೆನ್ನಾಗಿರುತ್ತದೆ.

ವಸ್ತುವನ್ನು ಮಂಡಿಗೆ ಕೊಟ್ಟ ಮಾತ್ರಕ್ಕೆ ಊರು ಬದಲಾಗಿದೆ ಎಂದು ಯಾರೂ ತಪ್ಪು ತಿಳಿಯಬಾರದು. ನಮ್ಮ ಬೀದಿಯ ತಿಲಕನೆಂಬ ಹುಡುಗನಿಗೆ ಮನೆಯಲ್ಲಿದ್ದ ಪಾತ್ರೆಪಗಡವನ್ನೆಲ್ಲ ಇಟ್ಟರೂ ಮುಳ್ಳು ಕದಲಿರಲಿಲ್ಲ. ಕೊನೆಗೆ ಬೇಸತ್ತು ಅವನ ತಂಗಿ ಒಂದು ಅಲಾರಂ ಗಡಿಯಾರ ಇಟ್ಟಳು. ತಟ್ಟೆ ಧಡ್ಡನೆ ಇಳಿಯಿತು. ಹುಡುಗನನ್ನು ರಾತ್ರಿ ಹತ್ತರವರೆಗೆ ಓದಿಸಿ, ಕೋಳಿ ಕೂಗುವ ಮುಂಚೆ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟುತ್ತಿದ್ದರು. ಅವನು ನಿದ್ದೆಯ ಬದಲು ಬಿಸ್ಕತ್ತು ತಿಂದು ಕಣ್ಣು ತೆರೆದಿಟ್ಟುಕೊಳ್ಳುತ್ತಿದ್ದ. ಅವರಪ್ಪ ತಲೆ ತಗ್ಗಿಸಿ ಗಡಿಯಾರವನ್ನು ಮಂಡಿಗೆ ಒಪ್ಪಿಸಿದರು. ಮರುವಾರ ಹೊಸತೊಂದು ತಂದರು. ಅದರ ಗಂಟೆಯ ಸದ್ದು ಇನ್ನೂ ಜೋರು.

ಇನ್ನು ನನ್ನ ವಿಷಯ. ನಾನು ಗೃಹವಿಜ್ಞಾನದಲ್ಲಿ ಪದವಿ ಪಡೆದವಳು. ಮಕ್ಕಳ ಆಹಾರ, ಬೆಳವಣಿಗೆ ಎಂದೆಲ್ಲ ಓದಿ, ಪರೀಕ್ಷೆ ಬರೆದು ಪಾಸಾದವಳು. ಹಾಗಾಗಿ ನನ್ನ ಮಗಳು ಇಂಚರ ಐದನೆಯ ತರಗತಿಯಿಂದಾಚೆಗೆ ಮೈ ತುಂಬಿಕೊಳ್ಳತೊಡಗಿದಾಗ ಊರಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಎದುರುಮನೆಯ ಪಂಕಜಾಕ್ಷಿ ಹಾಲಿನ ಅಂಗಡಿಯಲ್ಲಿ ನಿಂತು, "ಓದಿದವಳ ಮನೇಲೇ ಹಿಂಗಾದ್ರೆ ನಮ್ಮಂಥೋರದ್ದು ಏನು ಬಿಡಿ," ಎಂದರು. ಅವರ ದನಿಯಲ್ಲಿದ್ದ ನೆಮ್ಮದಿಗೆ ನಾನು ಕಾರಣಳಾದೆನಲ್ಲ ಎಂದು ಸಂತೋಷಪಡಬೇಕಿತ್ತು. ನಾನು ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುತ್ತಾ ನಿಂತೆ. ಮಾತನ್ನು ತೂಗಿ ಆಡುವುದು ನನ್ನ ಅಭ್ಯಾಸ. ಅಷ್ಟು ಹೊತ್ತಿಗೆ ಎದುರಿನವರು ಮನೆ ತಲುಪಿರುತ್ತಾರೆ.

ಇಂಚರಳಿಗೆ ಬೇಕಾಗಿದ್ದದ್ದು ಒಂದೇ, ಕಬಡ್ಡಿ. ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲೇ ಆಡುತ್ತಿದ್ದಳು. ಅವಳು ಕಾಲು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ ಎಂದು ಅವಳ ಗೆಳತಿಯರು ಹೇಳುತ್ತಿದ್ದರು. ಶಾಲೆಯ ಆಟದ ಪೀರಿಯಡ್ಡು ಗಣಿತಕ್ಕೆ ಹೋಗಿ ಬಹಳ ಕಾಲವಾಗಿತ್ತು. ಆಟದ ಮೇಷ್ಟರೇ ಗಣಿತ ಹೇಳುತ್ತಿದ್ದುದರಿಂದ ಅನ್ಯಾಯವೇನೂ ಆಗಿಲ್ಲವೆಂದು ಹೆಡ್‌ಮಾಸ್ತರರು ನಮಗೆ ಸಮಜಾಯಿಷಿ ಕೊಟ್ಟಿದ್ದರು. ಉಳಿದದ್ದು ಊರಿನ ಮೈದಾನ. ಅಲ್ಲಿ ಸಂಜೆ ಹುಡುಗ ಹುಡುಗಿಯರ ಕಬಡ್ಡಿ ತಂಡಗಳು ಆಡುತ್ತಿದ್ದವು.

ಮೈದಾನ ಮೊದಲು ಬಯಲಾಗಿತ್ತು. ಮೇಕೆ ಮೇಯುತ್ತಿದ್ದವು, ಬಟ್ಟೆ ಒಣಗುತ್ತಿದ್ದವು, ಮಕ್ಕಳು ಕತ್ತಲಾಗುವವರೆಗೆ ಬಿದ್ದು ಎದ್ದು ಆಡುತ್ತಿದ್ದರು. ಇದೆಲ್ಲ ಅಶಿಸ್ತು ಎಂದು ಮಂಡಿ ಸಂಘಕ್ಕೆ ಅನಿಸಿತು. ಸುತ್ತ ತಂತಿಜಾಲರಿ ಹಾಕಿ, ಕಬ್ಬಿಣದ ಗೇಟಿಟ್ಟು, ಸಂಘದ ಹೆಸರು ಕೆತ್ತಿದ ಅಂಗೈ ಅಗಲದ ಹಿತ್ತಾಳೆ ಬೀಗ ಜಡಿದರು. ಒಳಗೆ ಹೋಗಲು ತಗಡಿನ ಬಿಲ್ಲೆ ಬೇಕು. ಬಿಲ್ಲೆ ಸಮತೂಕದ ಮಕ್ಕಳಿಗೆ ಮಾತ್ರ. ಸಣಕಲು ಮಕ್ಕಳಿಗೆ ತಕ್ಕಡಿ ಹತ್ತಿಸದೆ ಕಣ್ಣಂದಾಜಿನಲ್ಲೇ ಕೊಡುತ್ತಾರೆ. ದಪ್ಪ ಮಕ್ಕಳು ಮೊದಲು ತೂಕ ಸರಿಮಾಡಿಕೊಂಡು ಬರಲಿ, ಆಮೇಲೆ ಓಡಲಿ ಎಂಬುದು ಸಂಘದ ನಿಲುವು. ನೀರಿಗೆ ಇಳಿಯುವ ಮುಂಚೆ ಈಜು ಕಲಿತು ಬಾ ಎಂದಂತೆ. ಊರಿನಲ್ಲಿ ಯಾರಿಗೂ ಇದರಲ್ಲಿ ಕೊಂಕು ಕಾಣಲಿಲ್ಲ.

ಇದನ್ನೆಲ್ಲ ರೂಪಿಸಿದವರು ಸಂಘದ ಅಧ್ಯಕ್ಷ ಮರಿಸ್ವಾಮಪ್ಪನವರು. ಶಾಲೆಯ ಗೇಟಿಗೆ ಎದುರಾಗಿರುವ ಬೇಕರಿ ಅವರದು, ಊರಿಗೆಲ್ಲ ಬಣ್ಣದ ಸೋಡಾ ಹಂಚುವ ಏಜೆನ್ಸಿ ಅವರದು. ಮಕ್ಕಳ ಆರೋಗ್ಯದ ಮೇಲೆ ಅವರಿಗಿರುವ ಕಾಳಜಿ ದೊಡ್ಡದು. ತೂಕದ ದಿನ, ಅಂದರೆ ಅಮಾವಾಸ್ಯೆಯ ಮರುದಿನ, ಮಂಡಿಯ ಕಟ್ಟೆಯ ಮೇಲೆ ನಿಂತು ತಾಯಂದಿರ ಬಾಯಿಚಪಲದಿಂದ ಮುಂದಿನ ಪೀಳಿಗೆ ಹಾಳಾಗುತ್ತಿರುವುದರ ಬಗ್ಗೆ ಮಾತನಾಡುತ್ತಾರೆ. ಮಾತು ಮುಗಿದ ಮೇಲೆ ಬಂದವರಿಗೆಲ್ಲ ಕ್ರೀಮ್ ಬನ್ ಕೊಡಿಸುತ್ತಾರೆ.

ಮೊದಲ ಸಲ ಇಂಚರಳನ್ನು ತಟ್ಟೆಯ ಮೇಲೆ ಕೂರಿಸಿದಾಗ ಅವಳು ಮೊಣಕಾಲನ್ನು ಎದೆಗೆ ಅವುಚಿಕೊಂಡು, ಆದಷ್ಟು ಚಿಕ್ಕವಳಾಗಿ ಕುಳಿತಳು. ತಕ್ಕಡಿ ನೋಡಿಕೊಳ್ಳುವ ಬೋರಯ್ಯ ನನ್ನ ಸೌಟನ್ನು ಎತ್ತಿ ಎಲ್ಲರಿಗೂ ತೋರಿಸಿ ಎದುರು ತಟ್ಟೆಯಲ್ಲಿಟ್ಟ. ಮುಳ್ಳು ಕೂದಲೆಳೆಯಷ್ಟು ಅಲುಗಿತು.

"ನೋಡುದ್ರಾ," ಎಂದರು ಮರಿಸ್ವಾಮಪ್ಪ. ಜನರೆಲ್ಲ ಓ ಎಂದರು. ಕೂದಲೆಳೆಗೆ ಅಷ್ಟು ದೊಡ್ಡ ಉದ್ಗಾರ ಹೊರಟದ್ದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ಅಲುಗಿದ್ದು ಅಲುಗಿದ್ದೇ. ಸೌಟು ಹೋಯಿತು.

ಆಮೇಲೆ ನಮ್ಮತ್ತೆ ನಿಂಗಾಜಮ್ಮ ತಮ್ಮ ತುಪ್ಪದ ಜಾಡಿಯನ್ನು ತಾವೇ ಎತ್ತಿಕೊಂಡು ಹೋಗಿ ಇಟ್ಟರು. ಅತ್ತೆಯವರದು ದೊಡ್ಡ ಮೈಕಟ್ಟು. ಅಗಲ ಭುಜ, ಅಗಲ ಸೊಂಟ, ಬಾಗಿಲಲ್ಲಿ ನಿಂತರೆ ಮನೆಗೆ ಬೇರೆ ಬಾಗಿಲು ಬೇಡ. ಎಪ್ಪತ್ತು ದಾಟಿದರೂ ಕೊಡಪಾನ ಸೊಂಟಕ್ಕೇರಿಸುತ್ತಾರೆ. ಅವರ ಜಾಡಿಗೆ ಮುಳ್ಳು ಒಂದು ಬೆರಳು ಸರಿಯಿತು. "ಒಂದೇ ಬೆರಳಾ," ಎಂದರು ಅತ್ತೆ, ಅವಮಾನವಾದವರಂತೆ. "ನಾನು ಇನ್ನೂ ಜಾಸ್ತಿ ಹಾಕ್ತಿದ್ದೆ ಅಂದ್ಕಂಡಿದ್ದೆ."

ಇನ್ನೂ ಬಹಳ ಉಳಿದಿತ್ತು. ಮರಿಸ್ವಾಮಪ್ಪ ನನ್ನನ್ನು ಪಕ್ಕಕ್ಕೆ ಕರೆದು ಊರಿಗೆಲ್ಲ ಕೇಳುವಂತೆ ಗುಟ್ಟು ಹೇಳಿದರು. "ಅಡುಗೆಮನೆಗೆ ಬೀಗ ಹಾಕಮ್ಮ ನೀನು. ಮಕ್ಕಳ ವಿಷಯದಲ್ಲಿ ಬೀಗಕ್ಕಿಂತ ದೊಡ್ಡ ಔಷಧಿ ಇಲ್ಲ."

ನಾನು ಓದಿದವಳು, ಸಲಹೆ ಕೇಳಿದೆ. ಬೀಗ ಹಾಕಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ: ಕಾವಲು ಕುಳಿತೆ. ತಟ್ಟೆ ಚಿಕ್ಕದು ಮಾಡಿದೆ. ಮೊಳಕೆಕಾಳು, ಸೌತೆಕಾಯಿ, ಅರ್ಧ ಮುದ್ದೆ. ಮಗಳು ತುತ್ತು ಎತ್ತಿದರೆ ನನ್ನ ಕಣ್ಣು ಅದರ ಜೊತೆ ಏರುತ್ತಿತ್ತು, ನುಂಗಿದರೆ ಇಳಿಯುತ್ತಿತ್ತು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಅದೇ ನನ್ನ ಹೆಮ್ಮೆ. ಗಂಡ ಚೆಲುವರಾಜು, "ಅವಳನ್ನ ಸ್ವಲ್ಪ ಸುಮ್ನೆ ಬಿಡು," ಎಂದು ಹೇಳಿ ಟಿವಿಯ ಸದ್ದು ಏರಿಸುತ್ತಿದ್ದರು. ಮಗಳು ನನ್ನ ಮುಂದೆ ಕಡಿಮೆ ತಿಂದು, ಬಚ್ಚಲಿನ ಹಿಂದೆ ಬಿಸ್ಕತ್ತಿನ ಪೊಟ್ಟಣ ಬಿಚ್ಚುವುದನ್ನು ಕಲಿತಳು. ಪೊಟ್ಟಣದ ಸಿಪ್ಪೆಯನ್ನು ಎಷ್ಟು ಸಣ್ಣಗೆ ಮಡಿಸಿ ಹಂಚಿನ ಸಂದಿಗೆ ಸಿಕ್ಕಿಸುತ್ತಿದ್ದಳೆಂದರೆ, ನನ್ನಂಥ ನೋಡುವವಳಿಗೆ ಮಾತ್ರ ಕಾಣುತ್ತಿತ್ತು.

ಎರಡನೆಯ ತೂಕಕ್ಕೆ ಅವಳ ಮೊಬೈಲ್ ಇಟ್ಟೆವು, ಎರಡು ಬೆರಳು ಇಳಿಯಿತು. ಟಿವಿಯ ರಿಮೋಟ್ ಇಡೋಣ ಎಂದಾಗ ನನ್ನ ಗಂಡ, "ಅದು ನಂದು ಕಣೇ, ಅವಳದಲ್ಲ," ಎಂದರು. ಇಟ್ಟೆವು. ಒಂದು ಬೆರಳು. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು, ಆಮೇಲೆ ಹೊಸ ರಿಮೋಟ್ ತಂದು ಮಾತಿಗೆ ಬಂದರು. ಮುಳ್ಳು ಮಾತ್ರ ನಡುವಿಗೆ ಬರಲಿಲ್ಲ. ಹದಿನಾಲ್ಕು ತುಂಬಿದ ಮೇಲೆ ಮಕ್ಕಳನ್ನು ತೂಗುವುದಿಲ್ಲ. ಅಲ್ಲಿಗೆ ಬಿಲ್ಲೆ ಸಿಗದವರಿಗೆ ಇನ್ನೆಂದೂ ಸಿಗುವುದಿಲ್ಲ. ಇಂಚರಳಿಗೆ ಯುಗಾದಿಗೆ ಹದಿನಾಲ್ಕು ತುಂಬುತ್ತಿತ್ತು. ಮುಂದಿನ ಅಮಾವಾಸ್ಯೆ ಕಳೆದರೆ ಕಬಡ್ಡಿಯೂ ಕಳೆದಂತೆ.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ನನ್ನ ಎದುರು ಬಂದು ನಿಂತಳು. "ಅಮ್ಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನನ್ನ ನೋಡೋದು ಸ್ವಲ್ಪ ನಿಲ್ಲಿಸ್ತೀಯಾ?"

"ನಾನು ಏನೂ ಅನ್ನಲಿಲ್ಲವಲ್ಲ ಪುಟ್ಟಾ."

"ಅನ್ನಬೇಕಾಗಿಲ್ಲಮ್ಮ. ನೀನು ನೋಡಿದ್ರೆ ನನಗೆ ಹಸಿವಾಗುತ್ತೆ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನೋಡಬೇಕು ಅಂದ್ರೆ ಬೇರೆ ಕಡೆ ನೋಡು ವೇದಾ," ಎಂದರು. "ಮನೆ ಒಳಗೆ ಇರೋದನ್ನೆಲ್ಲಾ ನೋಡಾಯ್ತು. ಊರು ಬೇಕಾದಷ್ಟು ದೊಡ್ಡದಾಗಿದೆ."

ಅತ್ತೆಯ ಮಾತನ್ನು ಪಾಲಿಸಬೇಕಾಯಿತು. ಮಗಳನ್ನು ಬಿಟ್ಟು ಮಗಳ ದಿನವನ್ನು ನೋಡತೊಡಗಿದೆ. ಕತ್ತಲಿದ್ದಾಗಲೇ ಟ್ಯೂಷನ್. ಅಲ್ಲಿಂದ ಬಂದರೆ ತಿಂಡಿಗೆ ಪುರಸೊತ್ತಿಲ್ಲದೆ ವ್ಯಾನು. ಸೈಕಲ್ಲಿನಲ್ಲಿ ಹೋಗೋಣವೆಂದರೆ ಕಬ್ಬಿನ ಲಾರಿಗಳ ಭಯ, ಭಯ ನನ್ನದೇ. ಶಾಲೆಯ ಗೇಟಿನಲ್ಲಿ ಇಳಿದ ಕೂಡಲೇ ಎದುರಿಗೆ ಬೇಕರಿಯ ಫ್ರಿಜ್ಜು, ಒಳಗೆ ಕೆಂಪು, ಹಸಿರು, ಕಿತ್ತಳೆ ಬಾಟಲಿಗಳು, ದೀಪ ಹಚ್ಚಿದ ಗರ್ಭಗುಡಿಯ ಹಾಗೆ. ಬರಿಹೊಟ್ಟೆಯ ಮಕ್ಕಳು ಮೊದಲು ಅಲ್ಲಿಗೆ ನಡೆದುಕೊಳ್ಳುತ್ತಾರೆ. ದಿನವೆಲ್ಲ ಬೆಂಚು. ಸಂಜೆ ವ್ಯಾನು ಮೈದಾನದ ಹತ್ತಿರ ಇಳಿಸುತ್ತದೆ. ಅಲ್ಲಿಂದ ಮನೆ ಕೂಗಳತೆಯ ದೂರ. ಇಂಚರ ಆ ಕೂಗಳತೆಯನ್ನು ದಾಟಲು ಒಂದು ತಾಸು ತೆಗೆದುಕೊಳ್ಳುತ್ತಿದ್ದಳು.

ಏಕೆಂದು ಒಂದು ದಿನ ಹೋಗಿ ನೋಡಿದೆ. ಜಾಲರಿಗೆ ಹಣೆ ಒತ್ತಿ ನಿಂತು ಒಳಗಿನ ಕಬಡ್ಡಿ ನೋಡುತ್ತಿದ್ದಳು. ಒಳಗೆ ಯಾರೋ ದಾಳಿಗೆ ಬಂದಾಗ ಇವಳ ಕೈ ತಾನಾಗಿ ಮುಂದೆ ಹೋಗಿ ತಂತಿಯನ್ನು ಹಿಡಿಯುತ್ತಿತ್ತು. ಅವಳ ಪಕ್ಕದಲ್ಲಿ ಬಿಲ್ಲೆಯಿಲ್ಲದ ಇನ್ನೂ ಕೆಲವರು. ಕೈಯಲ್ಲಿ ಬೇಕರಿಯ ಪೊಟ್ಟಣ ಹಿಡಿದು, ಸಿನಿಮಾ ನೋಡುವವರ ಹಾಗೆ ಬಾಯಾಡಿಸುತ್ತಿದ್ದರು. ನಿಂತು ನೋಡುವ ಬಾಯಿಗೆ ಏನಾದರೂ ಬೇಕಲ್ಲ. ಅವಳು ಮನೆಗೆ ಬಂದಾಗ ಹಣೆಯ ಮೇಲೆ ಜಾಲರಿಯ ಚೌಕುಳಿ ಅಚ್ಚೊತ್ತಿರುತ್ತಿತ್ತು. ಇಷ್ಟು ದಿನ ಅದನ್ನು ನಾನು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ ಗುರುತು ಎಂದುಕೊಂಡಿದ್ದೆ. ನೋಡುವುದರಲ್ಲಿ ನನ್ನ ಪರಿಣತಿ ಅಷ್ಟಿತ್ತು.

ನಾನು ಮರಿಸ್ವಾಮಪ್ಪನವರ ಬೇಕರಿಗೆ ಹೋದೆ. ಒಂದು ಮಾತನ್ನು ಮನೆಯಿಂದ ತೂಗಿಕೊಂಡು ಹೋಗಿದ್ದೆ. "ಅಧ್ಯಕ್ಷರೇ, ತಕ್ಕಡಿಗೆ ಯಾವಾಗಲೂ ಮನೆಯ ವಸ್ತುವನ್ನೇ ಇಡುತ್ತೇವಲ್ಲ. ಹೊರಗಿನದು ಇಡಬಾರದು ಅಂತ ಏನಾದರೂ ಇದೆಯೇ?"

"ಹೊರಗಿಂದು ಏನಮ್ಮ ಇಡ್ತೀಯ?" ಅವರು ಒಂದು ಮಗುವಿಗೆ ಕಿತ್ತಳೆ ಬಾಟಲಿಯ ಮುಚ್ಚಳ ತೆಗೆದುಕೊಡುತ್ತಿದ್ದರು. "ಮಕ್ಕಳು ಬೆಳೆಯೋದು ಎಲ್ಲಿ? ಮನೇಲಿ. ಉಣ್ಣೋದು ಎಲ್ಲಿ? ಮನೇಲಿ. ನಿಧಾನಕ್ಕೆ ಕುಡಿ ಮರಿ, ನೆತ್ತಿಗೆ ಹತ್ತುತ್ತೆ. ಹಿಂದಿನಿಂದ ನಡ್ಕೊಂಡು ಬಂದಿರೋದು ಮನೆ ವಸ್ತು. ನೀನು ಓದಿರೋಳು, ನಿನಗೆ ನಾನು ಹೇಳಬೇಕಾ?"

"ಹಾಗೆ ಎಲ್ಲಾದರೂ ನಿಯಮ ಆಗಿದೆಯೇ ಅಂತ ಕೇಳಿದೆ."

"ನಿಯಮ ಯಾಕಮ್ಮ? ಇಷ್ಟು ದಿನ ಒಬ್ಬರಾದ್ರೂ ಹೊರಗಿಂದ ತಂದ್ರಾ? ತರಲಿಲ್ಲ. ಅದೇ ನಿಯಮ." ಅವರು ನಕ್ಕು ನನಗೊಂದು ಪಪ್ಸ್ ಕಟ್ಟಿಕೊಟ್ಟರು. ಮಗಳಿಗಂತೆ.

ಅಮಾವಾಸ್ಯೆಯ ಸಂಜೆ ನಾನು ಸೊಪ್ಪು ತರುವ ಚೀಲ ಹಿಡಿದು ಮೈದಾನದ ದಾರಿಯಲ್ಲಿ ಬಂದೆ. ಕಾವಲಿನವನು ಸಂಜೆ ಗೇಟು ತೆಗೆದು, ಬೀಗವನ್ನು ಚಿಲಕಕ್ಕೆ ಹಾಗೇ ನೇತುಹಾಕಿ ಚಹಾಕ್ಕೆ ಹೋಗುವುದನ್ನು ನಾನು ವಾರದಿಂದ ಕಂಡಿದ್ದೆ. ಬಿಲ್ಲೆಯಿಲ್ಲದ ಮಕ್ಕಳು ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬೆಳೆಸಿದ್ದೇವೆ. ನಾನು ಗೇಟಿನ ಹತ್ತಿರ ನಿಂತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡೆ. ಎದ್ದಾಗ ಬೀಗ ಚೀಲದಲ್ಲಿತ್ತು, ದಂಟಿನ ಸೊಪ್ಪಿನ ಅಡಿಯಲ್ಲಿ. ಜೀವಮಾನದಲ್ಲಿ ಬಸ್ಸಿನ ಟಿಕೆಟ್ಟನ್ನೂ ಇಳಿದ ಮೇಲೆ ಎಸೆಯದವಳು ನಾನು, ಯಾರಾದರೂ ಕೇಳಿಬಿಟ್ಟರೆ ಎಂದು. ದಾರಿಯುದ್ದಕ್ಕೂ ಚೀಲ ಕಾಲಿಗೆ ಬಡಿಯುತ್ತಿತ್ತು. ಸಾಲದ್ದಕ್ಕೆ ಪಂಕಜಾಕ್ಷಿ ಎದುರಾದರು.

"ಏನ್ರೀ ವೇದಾ, ಚೀಲ ಬಾಳ ಭಾರ ಇದೆಯಲ್ಲಾ?"

"ಸೊಪ್ಪು."

"ಸೊಪ್ಪು ಇಷ್ಟು ಭಾರವಾ?"

"ಬೇರು ಸಮೇತ ಕೊಟ್ಟರು," ಎಂದೆ. ಸುಳ್ಳನ್ನೂ ನಾನು ತೂಗಿಯೇ ಹೇಳುತ್ತೇನೆ.

ಅತ್ತೆ ಚೀಲದಿಂದ ಸೊಪ್ಪು ತೆಗೆದವರು ಬೀಗವನ್ನೂ ಹೊರಗೆ ತೆಗೆದರು. ಆಮೇಲೆ ಅದನ್ನು ಹುಣಿಸೆಹಣ್ಣು ಹಚ್ಚಿ ಉಜ್ಜಿ ತೊಳೆದು, ಒರೆಸಿ, ದೇವರ ಗೂಡಿನಲ್ಲಿ ದೀಪದ ಪಕ್ಕ ಇಟ್ಟು ಕುಂಕುಮ ಹಚ್ಚಿದರು. "ಇನ್ನು ಇದು ಮನೆ ವಸ್ತುನೇ," ಎಂದರು. ಇಂಚರಳಿಗೆ ಏನೂ ಹೇಳಲಿಲ್ಲ.

ಮರುದಿನ ಮಂಡಿಯ ಅಂಗಳದಲ್ಲಿ ಜನ ಸೇರಿದ್ದರು. ಕೊನೆಯ ತೂಕವೆಂದರೆ ಎಲ್ಲರಿಗೂ ಬಿಡುವಾಗುತ್ತದೆ. ಗೇಟಿನ ಬೀಗ ಕಳೆದ ಸುದ್ದಿ ಎಲ್ಲೂ ಇರಲಿಲ್ಲ. ಕಾವಲಿನವನು ಕೆಲಸ ಹೋದೀತೆಂದು ಗೇಟಿಗೆ ಹಗ್ಗ ಸುತ್ತಿ ತುಟಿಪಿಟಕ್ಕೆನ್ನದೆ ಇದ್ದ. ಇಂಚರ ತಟ್ಟೆ ಹತ್ತಿದಳು. ಈ ಸಲ ಮೊಣಕಾಲು ಅವುಚಿಕೊಳ್ಳಲಿಲ್ಲ. ಕಾಲು ಇಳಿಬಿಟ್ಟು ಎದುರಿಗೆ ನೋಡುತ್ತಾ ಕುಳಿತಳು, ಆಗುವುದಾಗಲಿ ಎಂಬಂತೆ. ಬೋರಯ್ಯ ಗೋದಾಮಿನಿಂದ ನಮ್ಮ ಹಳೆಯ ಪಾಲನ್ನೆಲ್ಲ ತಂದು ಎದುರು ತಟ್ಟೆಯಲ್ಲಿ ಜೋಡಿಸಿದ: ಸೌಟು, ತುಪ್ಪದ ಜಾಡಿ, ಮೊಬೈಲ್, ರಿಮೋಟ್. ಮುಳ್ಳು ಹಿಂದೆ ಎಲ್ಲಿತ್ತೋ ಅಲ್ಲಿಗೆ ಬಂದು ನಿಂತಿತು. ನಡುವಿಗೆ ಇನ್ನೂ ಗೇಣುದ್ದ.

"ಇನ್ನೇನಿದೆ ಇಡಮ್ಮ," ಎಂದ ಬೋರಯ್ಯ. "ಬೇಗ ಆಗಲಿ. ಬನ್ನು ಬಂದು ಕೂತದೆ."

ನಾನು ಸೆರಗಿನಡಿಯಿಂದ ಬೀಗ ತೆಗೆದೆ. ಕುಂಕುಮ ಬೆರಳಿಗೆ ಅಂಟಿತ್ತು. ಮರಿಸ್ವಾಮಪ್ಪ ಮೊದಲು ಕುಂಕುಮ ಕಂಡು ಯಾವುದೋ ದೇವರ ವಸ್ತುವೆಂದುಕೊಂಡರೇನೋ, ಕೈಯೂ ಮುಗಿದರು. ಆಮೇಲೆ ಕೆತ್ತಿದ ಹೆಸರು ಓದಿದರು.

"ಏಯ್, ಅದು ಮೈದಾನದ ಬೀಗ. ಸಂಘದ್ದು. ಅದು ನಿಮ್ಮ ಮನೆಗೆ ಹೆಂಗೆ ಬಂತಮ್ಮ? ಬೋರಯ್ಯ, ಇಸ್ಕೋ ಅದನ್ನ."

ಬೋರಯ್ಯ ಕೈ ಚಾಚುವಷ್ಟರಲ್ಲಿ ನಾನು ಇಟ್ಟುಬಿಟ್ಟೆ. ತೂಗದೆ ಮಾಡಿದ ಕೆಲಸ ಅದೊಂದೇ.

ತಟ್ಟೆ ಹೋದ ರಭಸಕ್ಕೆ ಸರಪಳಿ ಕಿರುಗುಟ್ಟಿತು. ನನ್ನ ಮಗಳು ಮೇಲಕ್ಕೆ ಎದ್ದಳು. ನಿಜವಾಗಿ ಎದ್ದಳು. ಹಿಂದೆ ಆ ತಟ್ಟೆಯಲ್ಲಿ ಕುಳಿತಾಗಲೆಲ್ಲ ಅವಳು ಹೀಗೆ ಮೇಲೇರಿದ್ದನ್ನು ನಾವು ಕಂಡಿರಲಿಲ್ಲ. ಅವಳು ಹೆದರಿ ಸರಪಳಿ ಹಿಡಿದುಕೊಂಡಳು, ಆಮೇಲೆ ತನ್ನ ಪಾದಗಳ ಕೆಳಗಿನ ಗಾಳಿಯನ್ನು ನೋಡಿ ನಕ್ಕಳು. ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಸೌಟಿನ ಕೂದಲೆಳೆಗೆ ಉದ್ಗಾರ ತೆಗೆದಿದ್ದ ಜನ ಇವರೇ.

"ಇದು ಕಳ್ಳತನ," ಎಂದರು ಮರಿಸ್ವಾಮಪ್ಪ. "ಹೊರಗಿನ ವಸ್ತು ಲೆಕ್ಕಕ್ಕಿಲ್ಲ."

"ಮುಳ್ಳು ಒಪ್ಪೈತಲ್ಲ ಸ್ವಾಮೇರಾ," ಎಂದ ಬೋರಯ್ಯ ತಲೆ ಕೆರೆದುಕೊಳ್ಳುತ್ತಾ. ಅವನು ಯಾರ ಪರವೂ ಇರಲಿಲ್ಲ, ಅವನಿಗೆ ಬನ್ನು ಬೇಕಿತ್ತು. "ಮುಳ್ಳು ಒಪ್ಪಿದ್ದು ಮಂಡಿಗೆ. ಬೀಗ ಗೋದಾಮಿಗೇ ಹೋಯ್ತದೆ. ಸಂಘದ್ದೂ ಸಂಘಕ್ಕೇ ಬಂದಂಗಾಯ್ತು, ನಿಮಗೇನು ನಷ್ಟ?"

ಗುಂಪಿನ ಹಿಂದಿನಿಂದ ಯಾರೋ ನಕ್ಕರು. ಮರಿಸ್ವಾಮಪ್ಪ ಮುಳ್ಳಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖ ಬೆಳಗಿತು. "ನಡುವಿಗೆ ಬಂದಿಲ್ಲ. ನೋಡ್ರಯ್ಯ, ಇನ್ನೂ ಎರಡು ಬೆರಳು ಅದೆ. ಸಮತೂಕ ಅಲ್ಲ. ಬಿಲ್ಲೆ ಇಲ್ಲ."

ನಿಜ. ಎರಡು ಬೆರಳು ಉಳಿದಿತ್ತು. ನನ್ನ ಚೀಲದಲ್ಲಿ ಇನ್ನೇನೂ ಇರಲಿಲ್ಲ. ಬೇಕರಿಯ ಬಾಟಲಿ ತರಬೇಕಿತ್ತು, ಟ್ಯೂಷನ್ನಿನ ಪುಸ್ತಕ ತರಬೇಕಿತ್ತು ಎಂದು ಮನಸ್ಸು ಅತ್ತಿತ್ತ ಓಡುತ್ತಿರುವಾಗ ಅತ್ತೆ ಜನರನ್ನು ಸರಿಸಿಕೊಂಡು ಬಂದರು. ಬಂದವರು ತಮ್ಮ ಬಲಗೈಯನ್ನು, ಮೊಣಕೈವರೆಗೆ, ಬಳೆಗಳ ಸಮೇತ, ಬೀಗದ ಪಕ್ಕದಲ್ಲಿ ತಟ್ಟೆಯ ಮೇಲೆ ಇಟ್ಟರು. ಒತ್ತಲಿಲ್ಲ. ಮಲಗಿದ ಮಗುವಿನ ಮೇಲೆ ಇಡುವಂತೆ ಇಟ್ಟರು.

ಮುಳ್ಳು ನಡುವಿಗೆ ಬಂದು ನಿಂತಿತು.

"ಅದು ನಂದು," ಎಂದರು ಅತ್ತೆ. "ನಮ್ಮವ್ವನ್ದು, ಅವರವ್ವನ್ದು. ಈ ಕೈ ನೋಡಿ, ಆ ಮಗೀನ ಕೈ ನೋಡಿ. ಒಂದೇ ಅಚ್ಚು. ನಮ್ಮ ವಂಶದಲ್ಲಿ ಕಡ್ಡಿ ಹುಟ್ಟಲ್ಲ, ತೊಲೆ ಹುಟ್ಟೋದು. ಈಗ ಕೊಡಿ ಬಿಲ್ಲೇನ."

ಮರಿಸ್ವಾಮಪ್ಪ ಸುಲಭಕ್ಕೆ ಸೋಲುವವರಲ್ಲ. "ಕೊಡೋಣಮ್ಮ. ಆದ್ರೆ ಮುಳ್ಳು ಒಪ್ಪಿದ್ದು ಮಂಡಿಗೆ. ನಿಮ್ಮನ್ನ ಗೋದಾಮಿಗೆ ಬಿಟ್ಟು ಹೋಗಬೇಕಾಗುತ್ತೆ."

"ಬುಟ್ಟೋಗ್ಲಿ. ಊಟಕ್ಕೆ ಎರಡು ಮುದ್ದೆ, ರಾತ್ರಿ ಹಾಲು. ಸೌಟೇನೋ ಒಳಗೇ ಅವೆ."

ಜನ ಈಗ ಬಾಯಿಬಿಟ್ಟು ನಗುತ್ತಿದ್ದರು. ನಾನು ನಗಲಿಲ್ಲ, ಏಕೆಂದರೆ ಅತ್ತೆ ತಮಾಷೆ ಮಾಡುತ್ತಿರಲಿಲ್ಲ. ಅವರ ಎಡಗೈ ಆಗಲೇ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ನನ್ನ ಕಡೆ ಚಾಚಿತ್ತು. ನಮ್ಮ ಊರು ತಕ್ಕಡಿಯ ಮಾತನ್ನು ಎಂದೂ ಮೀರಿದ್ದಲ್ಲ. ಗೋದಾಮಿನಲ್ಲಿ ಅತ್ತೆಗೆ ಒಂದು ಮೂಲೆ ಗುಡಿಸಿ ಚಾಪೆ ಹಾಸಿಯೇಬಿಡುತ್ತಿದ್ದರು, ಬೇಕಾದರೆ ಅದಕ್ಕೊಂದು ಸಮಾರಂಭವನ್ನೂ ಮಾಡುತ್ತಿದ್ದರು. ಅವರು ಕೈ ತೆಗೆದರೆ ಬಿಲ್ಲೆಯಿಲ್ಲ. ಇಟ್ಟರೆ ಅತ್ತೆಯಿಲ್ಲ. ನಾನು ಮಗಳ ಮುಖ ನೋಡಿದೆ. ನನಗೆ ಅವಳು ಸಮತೂಕವಾಗಬೇಕು ಎನ್ನುವ ಆಸೆ ಎಷ್ಟಿತ್ತೆಂದರೆ, ಆ ಗಳಿಗೆಯಲ್ಲೂ ನನ್ನ ಕಣ್ಣು ಮುಳ್ಳಿನ ಕಡೆಗೇ ಒಮ್ಮೆ ಹೋಗಿ ಬಂತು.

ಇಂಚರ ಕೆಳಗೆ ಹಾರಿದಳು. ಹಾರುವ ಮುಂಚೆ, "ಅಜ್ಜಿ, ಕೈ ತಗೀ," ಎಂದಳು. ಅಜ್ಜಿ ಕೈ ತೆಗೆದದ್ದೂ ಬೀಗದ ತಟ್ಟೆ ಕಲ್ಲುಹಾಸಿಗೆ ಬಡಿದದ್ದೂ ಒಟ್ಟಿಗೆ ಆಯಿತು. ಸೌಟು ಪುಟಿದು ಬೋರಯ್ಯನ ಕಾಲ ಮೇಲೆ ಬಿತ್ತು.

"ಬಿಲ್ಲೆ ಬೇಡ," ಎಂದಳು ಅವಳು ಮರಿಸ್ವಾಮಪ್ಪನವರಿಗೆ. "ಆ ಎರಡು ಬೆರಳು ನನಗೇ ಇರಲಿ ಅಂಕಲ್. ಬೀಗ ಮಾತ್ರ ನೀವು ಇಟ್ಕೊಳ್ಳಿ."

ನನ್ನ ಮಗಳು ಹೀಗೆ ತಕ್ಕಡಿಯಿಂದ ತಾನಾಗಿ ಇಳಿದ, ಸಮತೂಕವಲ್ಲದ ಮಗುವಾಗಿ ಊರಿನಲ್ಲಿ ಉಳಿದಳು. ಬೀಗ ಗೋದಾಮಿಗೆ ಹೋಯಿತು. ಆ ಸಂಜೆ ಮೈದಾನದ ಗೇಟಿಗೆ ಹಗ್ಗವಷ್ಟೇ ಇತ್ತು. ಹಗ್ಗ ಬಿಚ್ಚಲು ಬಿಲ್ಲೆ ಬೇಕೆಂದು ಎಲ್ಲೂ ಬರೆದಿರಲಿಲ್ಲ. ಜಾಲರಿಯ ಹೊರಗೆ ನಿಲ್ಲುತ್ತಿದ್ದವರೆಲ್ಲ ಅವಳ ಹಿಂದೆ ಒಳಗೆ ಹೋದರು, ಮೊದಮೊದಲು ಕಾಲುಬೆರಳ ಮೇಲೆ, ಯಾರೋ ಮಲಗಿದ್ದಾರೆಂಬಂತೆ.

ಮರಿಸ್ವಾಮಪ್ಪನವರು ಮರುವಾರ ಹೊಸ ಬೀಗ ತಂದರು. ಊರಿನ ಪದ್ಧತಿಯೇ ಅದಲ್ಲವೇ. ಆದರೆ ಮುಂದಿನ ಅಮಾವಾಸ್ಯೆ ಕಳೆದು ಪಂಕಜಾಕ್ಷಿಯ ಕಿರಿಮಗನ ತೂಕ ಬಂದಾಗ, ಅಧ್ಯಕ್ಷರು ಸೌಟು ಕೇಳಿದರೆ ಪಂಕಜಾಕ್ಷಿ ಚೀಲದಿಂದ ಹೊಸ ಬೀಗವನ್ನೇ ತೆಗೆದಿಟ್ಟರು. "ಬೇರು ಸಮೇತ," ಎಂದು ನನ್ನ ಕಡೆ ನೋಡಿ ಹೇಳಿದರು. ಅದೂ ಇಳಿಯಿತು. ಅದರ ಮುಂದಿನ ತಿಂಗಳು ಇನ್ನೊಬ್ಬರು, ಇನ್ನೊಂದು ಬೀಗ. ಜೊತೆಗೆ ಕಿತ್ತಳೆ ಬಾಟಲಿ ತಂದವರೂ ಇದ್ದರು. ಅದು ಇಳಿದ ಶ್ರದ್ಧೆಯನ್ನು ನೋಡಿ ಅಧ್ಯಕ್ಷರು ಆ ದಿನ ಭಾಷಣವನ್ನು ಮೊಟಕು ಮಾಡಿದರು, ಬನ್ನು ಹಂಚುವುದನ್ನೂ ಮರೆತರು. ಬೋರಯ್ಯನಿಗೆ ಮಾತ್ರ ಇದರಿಂದ ನಿಜವಾದ ದುಃಖವಾಯಿತು. ಈಗ ಗೋದಾಮಿನ ಗೋಡೆಯಲ್ಲಿ ಸೌಟುಗಳ ಪಕ್ಕ ಬೀಗಗಳು ನೇತಾಡುತ್ತಿವೆ. ಅವನ್ನು ವಾರ್ಷಿಕೋತ್ಸವದ ಊಟಕ್ಕೆ ಹೇಗೆ ಬಳಸುವುದೆಂದು ಸಂಘಕ್ಕೆ ಇನ್ನೂ ಹೊಳೆದಿಲ್ಲ. ಗೇಟಿಗೆ ಹಗ್ಗವೇ ಕಾಯಂ ಆಗಿದೆ.

ಟ್ಯೂಷನ್ ನಿಂತಿಲ್ಲ, ಬೇಕರಿಯ ಫ್ರಿಜ್ಜಿನ ದೀಪ ಆರಿಲ್ಲ, ಇಂಚರ ಕಡ್ಡಿಯೂ ಆಗಿಲ್ಲ. ತಂಡದಲ್ಲಿ ಮೂಲೆಯ ಹಿಡಿತಗಾರ್ತಿ. ಮೊನ್ನೆ ಮರಿಸ್ವಾಮಪ್ಪನವರ ಮೊಮ್ಮಗಳು ದಾಳಿಗೆ ಬಂದಾಗ ಕಣಕಾಲು ಹಿಡಿದು ಕೂತಳು. ಆ ಹುಡುಗಿ ಉಸಿರು ಮುಗಿಯುವವರೆಗೆ ಗೆರೆಯ ಕಡೆ ಕೈ ಚಾಚಿದಳು, ಒಂದು ಅಂಗುಲವೂ ಸರಿಯಲಿಲ್ಲ. ಆಟ ಮುಗಿದು ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ನಾನು ಜಾಲರಿಯ ಹೊರಗೆ ನಿಂತಿದ್ದೆ. ಮೊಣಕೈ ತರಚಿದೆಯಾ, ಏದುಸಿರು ಜಾಸ್ತಿಯಾಯಿತಾ, ನೀರು ಕುಡಿದಳಾ ಎಂದು ನೋಡುತ್ತಿದ್ದೆ. ಮನೆಗೆ ಬಂದಾಗ ಅತ್ತೆ ನನ್ನ ಹಣೆ ಕಂಡು ನಕ್ಕರು. ಚೌಕುಳಿ ಅಚ್ಚೊತ್ತಿತ್ತಂತೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಇಂಚರ ಕೂದಲಲ್ಲಿ ಮಣ್ಣು ಹಾಗೇ ಇಟ್ಟುಕೊಂಡು ಒಂದು ಮುದ್ದೆ ಮುಗಿಸಿದಳು. ಖಾಲಿ ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು. "ಅಮ್ಮ, ಇನ್ನೊಂದು. ಸಾರು ಜಾಸ್ತಿ."

ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಬಂದಿತ್ತು. ಓದಿದವಳ ಮಾತು, ಒಳ್ಳೆಯ ಮಾತು, ಹತ್ತು ಸಲ ತೂಗಿದ ಮಾತು. ಅದನ್ನು ನುಂಗಿದೆ. ಹೊಸ ಸೌಟು ತೆಗೆದುಕೊಂಡು, ಅವಳ ತಟ್ಟೆಯನ್ನು ನೋಡದೆ, ಸಾರಿನ ಪಾತ್ರೆಯನ್ನು ಮಾತ್ರ ನೋಡುತ್ತಾ ಬಡಿಸಿದೆ.